ಏಳೋ ಎಂಟೋ?

ಮಾನಸಗಂಗೋತ್ರಿಯಲ್ಲಿ ಓದುವಾಗ ನಮಗೆ ಹಣ್ಣುನೊಣದ ಪ್ರಾಕ್ಟಿಕಲ್ ಇತ್ತು. ಕೊಳೆತ ಬಾಳೆಹಣ್ಣಿಗೆ ಮುತ್ತುತ್ತಲ್ಲ, ಅದೇ ಸಣ್ಣ ನೊಣ. ಅದರ ಮರಿಹುಳದ ಮಿದುಳನ್ನು ಸೂಜಿ ತುದಿಯಲ್ಲಿ ಎತ್ತಿ, ಬಣ್ಣ ಹಾಕಿ, ಗಾಜಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಬೇಕು. ಆಮೇಲೆ ಸೂಕ್ಷ್ಮದರ್ಶಕದಲ್ಲಿ ಕ್ರೋಮೋಸೋಮ್, ಅಂದರೆ ಕೋಶದೊಳಗೆ ಡಿಎನ್‌ಎ ಸುತ್ತಿಟ್ಟ ಕಡ್ಡಿಗಳನ್ನು, ಎಣಿಸಬೇಕು. ಡ್ರೊಸೊಫಿಲಾ ನಸೂಟ ಜಾತಿಗೆ ಎಂಟು. ನನಗೆ ಸಿಕ್ಕಿದ್ದು ಏಳು. ಹೊಸದೇನೋ ಕಂಡುಹಿಡಿದೆ ಅಂತ ಖುಷಿಯಾಗಿ ಮೇಡಂ ಕರೆದೆ. ಅವರು ಇಣುಕಿ ನೋಡಿ, ‘ಇನ್ನೊಂದ್ಸಲ ಸರಿಯಾಗಿ ಒತ್ತಪ್ಪ’ ಅಂದರು. ಒದ್ದೆ ವೀಳ್ಯದೆಲೆ ಅಂಟಿಕೊಂಡ ಹಾಗೆ ಎರಡು ಒಂದರ ಮೇಲೊಂದು ಕೂತಿದ್ದವು.

ದೊಡ್ಡವರೂ ಹೀಗೆ ಎಡವಿದ್ದಾರೆ. 1920ರ ದಶಕದಿಂದ ಮನುಷ್ಯನಿಗೆ 48 ಕ್ರೋಮೋಸೋಮ್ ಅಂತಲೇ ಪಾಠ ನಡೆಯುತ್ತಿತ್ತು. 1956ರಲ್ಲಿ ಸ್ವೀಡನ್ನಿನಲ್ಲಿ ಟಿಯೊ ಮತ್ತು ಲೆವಾನ್ ಎಂಬ ವಿಜ್ಞಾನಿಗಳು, ಜೀವಕೋಶ ನೀರು ಕುಡಿದು ಉಬ್ಬುವಂತೆ ಮಾಡಿ, ಎಲ್ಲವನ್ನೂ ಬಿಡಿಬಿಡಿಯಾಗಿ ಹರಡಿ ಎಣಿಸಿದರು. ಇದ್ದದ್ದು 46.

ಮೈಯ ಪ್ರತಿ ಕೋಶದಲ್ಲೂ ಅದೇ 46 ಅಂತ ನಾವೆಲ್ಲ ಓದಿದ್ದೇವೆ. ಮಿದುಳಿನಲ್ಲಿ ಅದು ಪೂರ್ತಿ ನಿಜವಲ್ಲ. ಮಗು ಹೊಟ್ಟೆಯಲ್ಲಿದ್ದಾಗ ಮಿದುಳಿನ ಕೋಶಗಳು ಭಾರೀ ಅವಸರದಲ್ಲಿ ಒಂದು ಎರಡಾಗುತ್ತ ಹೋಗುತ್ತವೆ. ಆಗ ಪಾಲು ಹಂಚುವಾಗ ಅಪರೂಪಕ್ಕೆ ತಪ್ಪುತ್ತದೆ. ಒಂದಕ್ಕೆ 45, ಇನ್ನೊಂದಕ್ಕೆ 47. ಚರ್ಮದ ಮೇಲ್ಪದರದಲ್ಲಾದರೆ ಅಂಥ ಕೋಶ ನಾಲ್ಕು ವಾರದಲ್ಲಿ ಉದುರಿಹೋಗುತ್ತದೆ. ನರಕೋಶ ಹಾಗಲ್ಲ. ಅದು ಮತ್ತೆ ಒಡೆಯುವುದಿಲ್ಲ, ಬದಲಿಯೂ ಬರುವುದಿಲ್ಲ. ಸಾಯದೆ ಉಳಿದರೆ ಆ ತಪ್ಪು ಲೆಕ್ಕ ಇಟ್ಟುಕೊಂಡೇ ಎಂಬತ್ತು ವರ್ಷ ದುಡಿಯಬೇಕು.

ಇಂಥವು ಎಷ್ಟಿವೆ? ಜಗಳ ಇರುವುದೇ ಇಲ್ಲಿ. 2001ರಲ್ಲಿ ಇಲಿ ಭ್ರೂಣದ ಮಿದುಳು ನೋಡಿದವರು, ನರಕೋಶ ಆಗಲಿರುವ ಕೋಶಗಳಲ್ಲಿ ಸುಮಾರು ಶೇಕಡ 33 ಹೀಗಿವೆ ಅಂದರು. ಮೂರಕ್ಕೊಂದು! ಬೆಳೆದ ಮಿದುಳಿನಲ್ಲಿ ಎಣಿಸುವುದು ಇನ್ನೂ ಕಷ್ಟ. ಕೋಶ ಒಡೆಯದಿದ್ದರೆ ಕ್ರೋಮೋಸೋಮ್ ಕಡ್ಡಿಯ ಹಾಗೆ ಕಾಣುವುದೇ ಇಲ್ಲ. ಅದಕ್ಕೇ ಹೊಳೆಯುವ ಚುಕ್ಕೆ ಅಂಟಿಸಿ ಚುಕ್ಕೆ ಎಣಿಸುತ್ತಾರೆ. ಎರಡು ಚುಕ್ಕೆ ಒಂದರ ಹಿಂದೊಂದು ಬಂದರೆ? ನನ್ನ ಏಳರ ಕಥೆಯೇ. 2014ರಲ್ಲಿ ಒಂದೊಂದೇ ಕೋಶದ ಡಿಎನ್‌ಎ ಓದಿ ನೋಡಿದಾಗ ಮನುಷ್ಯನ ಮಿದುಳಿನಲ್ಲಿ ಶೇಕಡ 5ಕ್ಕೂ ಕಡಿಮೆ ಸಿಕ್ಕಿತು. ಭ್ರೂಣದಲ್ಲಿದ್ದ ಕೆಟ್ಟ ಕೋಶಗಳು ಬೆಳೆಯುವಷ್ಟರಲ್ಲಿ ಸತ್ತಿರಲೂಬಹುದು. ನನಗಂತೂ ಚಿಕ್ಕ ಲೆಕ್ಕದ ಮೇಲೇ ನಂಬಿಕೆ ಜಾಸ್ತಿ.

ಇಡೀ ಕ್ರೋಮೋಸೋಮ್ ಬಿಟ್ಟು ಅದರ ತುಂಡುಗಳನ್ನು ನೋಡಿದರೆ ಮಾತ್ರ ಚಿತ್ರ ಬೇರೆ. 2013ರ ಒಂದು ಅಧ್ಯಯನದಲ್ಲಿ ಶೇಕಡ 13ರಿಂದ 41ರಷ್ಟು ನರಕೋಶಗಳಲ್ಲಿ ಕನಿಷ್ಠ ಒಂದು ದೊಡ್ಡ ತುಂಡು ಕಳೆದುಹೋಗಿತ್ತು ಇಲ್ಲವೇ ಹೆಚ್ಚಾಗಿತ್ತು. ಅಂದರೆ ನಿಮ್ಮ ಮಿದುಳಲ್ಲೇ ಅಕ್ಕಪಕ್ಕದ ಎರಡು ಕೋಶಗಳ ಡಿಎನ್‌ಎ ಪೂರ್ತಿ ಒಂದೇ ಅಲ್ಲ.

ಹೆಚ್ಚಾದರೆ ತೊಂದರೆಯೇ? ಡೌನ್ ಸಿಂಡ್ರೋಮ್ ಇರುವವರಲ್ಲಿ ಸಾಮಾನ್ಯವಾಗಿ ಎಲ್ಲ ಕೋಶದಲ್ಲೂ 21ನೇ ಕ್ರೋಮೋಸೋಮ್ ಎರಡರ ಬದಲು ಮೂರಿರುತ್ತದೆ. ಅಮಿಲಾಯ್ಡ್ ಎಂಬ ಜಿಗುಟು ಪ್ರೋಟೀನಿನ ಮೂಲ ಜೀನ್ ಇರುವುದು ಅದರ ಮೇಲೇ. ನಲವತ್ತು ದಾಟುವಷ್ಟರಲ್ಲಿ ಅವರ ಮಿದುಳಿನಲ್ಲಿ ಮರೆವಿನ ಕಾಯಿಲೆ ಆಲ್ಜೈಮರ್ಸ್‌ನಲ್ಲಿ ಕಾಣುವಂಥ ಅಮಿಲಾಯ್ಡ್ ಗಂಟುಗಳು ಕಾಣತೊಡಗುತ್ತವೆ. ಹಾಗಾದರೆ ಉಳಿದವರ ಮಿದುಳಿನಲ್ಲಿ ಚದುರಿರುವ ನಾಲ್ಕಾರು ಇಂಥ ಕೋಶಗಳು ಏನಾದರೂ ಮಾಡುತ್ತವಾ? ನಾಲ್ಕಾರು ಅಂದೆ, ಸುಮ್ನೆ ಮಾತಿಗೆ. ನಮ್ಮ ಮಿದುಳಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ನೂರಕ್ಕೆ ಒಂದೇ ಅಂದರೂ 86 ಕೋಟಿ.