ಪದ ಪರಿಚಯ: ಕ್ಲೆಜ್ಮರ್

ಯಹೂದಿಗಳ ಕಥೆ ಇರುವ ಯಾವ ಸಿನಿಮಾ ಬಗ್ಗೆ ಓದಿದರೂ ಈಗೀಗ ಒಂದು ಸಾಲು ಬಂದೇ ಬರುತ್ತದೆ: 'ಹಿನ್ನೆಲೆಯಲ್ಲಿ ಕರುಳು ಹಿಂಡುವ ಕ್ಲೆಜ್ಮರ್ ಸಂಗೀತ'. ನಾಜಿಗಳ ಯಹೂದಿ ನರಮೇಧದ ಕಥೆಯಾದ 'ಷಿಂಡ್ಲರ್ಸ್ ಲಿಸ್ಟ್' ಬಗ್ಗೆಯಂತೂ ಇದನ್ನು ಓದಿ ಓದಿ ಸಾಕಾಗಿದೆ. ವಯೊಲಿನ್ ಅತ್ತರೆ ಕ್ಲೆಜ್ಮರ್, ತೆರೆ ಮೇಲೆ ಉದ್ದ ಗಡ್ಡದವರು ಕಂಡರೆ ಕ್ಲೆಜ್ಮರ್. ಇಷ್ಟು ಸಲೀಸಾಗಿ ಬಳಸುವ ಪದ ಇದಲ್ಲ.

ಹೀಬ್ರೂವಿನಲ್ಲಿ 'ಕ್ಲೇ' ಅಂದರೆ ಸಲಕರಣೆ, 'ಜೆಮರ್' ಅಂದರೆ ಹಾಡು. ಎರಡೂ ಸೇರಿದರೆ ವಾದ್ಯ. ಪೂರ್ವ ಯುರೋಪಿನ ಯಹೂದಿಗಳ ಮನೆಮಾತಾದ ಯಿಡ್ಡಿಶ್‌ಗೆ ಬರುವಷ್ಟರಲ್ಲಿ ಅರ್ಥ ವಾದ್ಯವನ್ನು ಬಿಟ್ಟು ಅದನ್ನು ನುಡಿಸುವವನ ಮೇಲೆ ಕೂತಿತು. ಕ್ಲೆಜ್ಮರ್ ಅಂದರೆ ಒಬ್ಬ ವಾದಕ. ಹಲವರಾದರೆ ಕ್ಲೆಜ್ಮೊರಿಮ್. ನಮ್ಮ ವಾಲಗದವರ ಹಾಗೆಯೇ ಇವರದ್ದೂ ಅಪ್ಪನಿಂದ ಮಗನಿಗೆ ಬರುವ ಕಸುಬು. ಇವರಿಲ್ಲದೆ ಮದುವೆ ನಡೆಯದು, ಆದರೆ ಊರಲ್ಲಿ ಹೇಳಿಕೊಳ್ಳುವಂಥ ಮರ್ಯಾದೆಯೂ ಇಲ್ಲ.

ಅಮೆರಿಕಕ್ಕೆ ವಲಸೆ ಹೋದ ವಾದಕರ ನಡುವೆ ಈ ಪದ ಇನ್ನೂ ಕೆಳಗಿಳಿಯಿತು. ಸ್ವರಲಿಪಿ ಓದಲು ಬಾರದ ಹಳೇ ಕಾಲದವನು ಅನ್ನುವ ಅರ್ಥ ಬಂತು. 'ಕ್ಲೆಜ್ಮರ್ ಸಂಗೀತ' ಎಂದು ಒಂದು ಪ್ರಕಾರವನ್ನೇ ಕರೆಯುವ ರೂಢಿ ಬಹಳ ತಡವಾಗಿ ಬಂದದ್ದು. 1930ರ ದಶಕದಲ್ಲಿ ಕೀವ್‌ನಲ್ಲಿ ಈ ರಾಗಗಳನ್ನು ಸಂಗ್ರಹಿಸುತ್ತಿದ್ದ ಮೊಯ್ಸೆ ಬೆರೆಗೊವ್‌ಸ್ಕಿ ಹಾಗೆ ಬರೆದರು. ಜನರ ಬಾಯಿಗೆ ಬಂದದ್ದು ಮಾತ್ರ 1970ರ ದಶಕದಲ್ಲಿ, ಅಮೆರಿಕದ ಯುವ ವಾದಕರು ಅಜ್ಜಂದಿರ ಕಾಲದ ಗ್ರಾಮಫೋನ್ ತಟ್ಟೆಗಳನ್ನು ಹುಡುಕಿ ಕೇಳತೊಡಗಿದಾಗ. ಅವರಲ್ಲೊಬ್ಬ ಆಂಡಿ ಸ್ಟಾಟ್‌ಮನ್, ವಯಸ್ಸಾಗಿದ್ದ ಕ್ಲಾರಿನೆಟ್ ವಾದಕ ಡೇವ್ ತಾರಾಸ್ ಬಳಿ ಕೂತು ಕಲಿತವರು.

ಹಾಗಾಗಿ ನಿಜವಾದ ಅರ್ಥ ನೋಡಬೇಕಾದರೆ 1936ರ ಯಿಡ್ಡಿಶ್ ಸಿನಿಮಾ 'ಯಿಡ್ಲ್ ಮಿಟ್ನ್ ಫಿಡ್ಲ್' ನೋಡಬೇಕು. ಪೋಲೆಂಡಿನಲ್ಲೇ ಚಿತ್ರೀಕರಿಸಿದ್ದು. ಹೊಟ್ಟೆಪಾಡಿಗೆ ಊರೂರು ಅಲೆಯುವ ಅಪ್ಪ-ಮಗಳು. ದಾರಿಯಲ್ಲಿ ತೊಂದರೆ ಆಗದಿರಲಿ ಎಂದು ಮಗಳು ಗಂಡುಹುಡುಗನ ವೇಷ ಹಾಕಿ ಪಿಟೀಲು ಹಿಡಿಯುತ್ತಾಳೆ. ಆ ಪಾತ್ರ ಮಾಡಿದ್ದು ಮಾಲಿ ಪಿಕನ್. ಹುಲ್ಲಿನ ಗಾಡಿ ಮೇಲೆ ಕೂತು ಹಾಡುವ ದೃಶ್ಯದಲ್ಲಿ ಆಕೆಯ ಮುಖ ನೋಡಿ. ಅಳುಬುರುಕ ಸಂಗೀತ ಅನ್ನುವ ಮಾತು ಅಲ್ಲೇ ಬಿದ್ದುಹೋಗುತ್ತದೆ.

ಅಳು ಇಲ್ಲವೇ ಇಲ್ಲ ಅಂತಲ್ಲ. ಮದುವೆ ಶಾಸ್ತ್ರಕ್ಕೆ ಮುಂಚೆ ಮದುಮಗಳನ್ನು ಕೂರಿಸಿ ಅಳಿಸುವ ಪದ್ಧತಿ ಇತ್ತು. ಬದ್ಖನ್ ಎಂಬ ಮಾತುಗಾರ ಪ್ರಾಸಕಟ್ಟಿ ಅವಳ ಹಳೇ ದಿನಗಳನ್ನು ನೆನಪಿಸುತ್ತಿದ್ದ, ಪಿಟೀಲು ಜೊತೆಗೂಡಿ ನರಳುತ್ತಿತ್ತು. ಸ್ವರದ ತುದಿಯನ್ನು ತಟ್ಟನೆ ಕತ್ತರಿಸಿ ಬಿಕ್ಕಳಿಕೆಯಂತೆ ಮಾಡುವ ಆ ಗಮಕಕ್ಕೆ 'ಕ್ರೆಖ್ಟ್ಸ್' ಎನ್ನುತ್ತಾರೆ. ಸ್ವಲ್ಪ ಹೊತ್ತಿಗೆಲ್ಲ ಅದೇ ವಾದಕರು 'ಫ್ರೈಲೆಖ್ಸ್' ಶುರುಮಾಡಿದರೆ ಕುಣಿತ. ಬಿಕ್ಕಳಿಕೆ ಆ ಕುಣಿತದ ಸ್ವರಗಳಲ್ಲೂ ಹಾಗೇ ಇರುತ್ತದೆ. ಕ್ಲೆಜ್ಮರ್‌ನ ಜೀವ ಇರುವುದೇ ಅಲ್ಲಿ. ಇವರು ತುಂಬ ಬಳಸುವ 'ಫ್ರೈಗಿಶ್' ಎಂಬ ಸ್ವರಶ್ರೇಣಿ ನಮ್ಮ ವಕುಳಾಭರಣ ರಾಗದ ಸ್ವರಗಳೇ. ಕರ್ನಾಟಕ ಸಂಗೀತ ಕೇಳಿದವರಿಗೆ ಪರಕೀಯ ಅನ್ನಿಸುವುದಿಲ್ಲ.

ಇನ್ನು 'ಷಿಂಡ್ಲರ್ಸ್ ಲಿಸ್ಟ್'. ಇಟ್ಜಾಕ್ ಪರ್ಲ್‌ಮನ್ ವಯೊಲಿನ್‌ನಲ್ಲಿ ನುಡಿಸಿದ ಆ ಪ್ರಸಿದ್ಧ ರಾಗ ಜಾನ್ ವಿಲಿಯಮ್ಸ್ ಆರ್ಕೆಸ್ಟ್ರಾಗೆ ಬರೆದದ್ದು. ಕೆಂಪು ಕೋಟಿನ ಹುಡುಗಿ ನಡೆದು ಹೋಗುವಾಗ ಮಕ್ಕಳು ಹಾಡುವುದು 'ಓಯ್ಫ್ನ್ ಪ್ರಿಪೆಚಿಕ್', ಒಲೆಯ ಪಕ್ಕ ಕೂತ ಪುಟಾಣಿಗಳು ಅಕ್ಷರ ಕಲಿಯುವ ಯಿಡ್ಡಿಶ್ ಹಾಡು. ಎರಡೂ ಅದ್ಭುತವಾಗಿವೆ, ಎರಡೂ ಕ್ಲೆಜ್ಮರ್ ಅಲ್ಲ. ಕ್ಲೆಜ್ಮರ್ ಮನೆತನದವರು ಆ ಧ್ವನಿಪಥದಲ್ಲಿ ಒಬ್ಬರಿದ್ದಾರೆ, ಕ್ಲಾರಿನೆಟ್ ನುಡಿಸಿದ ಗಿಯೋರಾ ಫೈಡ್‌ಮನ್. ಅವರ ಹೆಸರು ಯಾರೂ ಎತ್ತುವುದಿಲ್ಲ!

'ಫಿಡ್ಲರ್ ಆನ್ ದ ರೂಫ್' (1971) ಹಾಡುಗಳು ಬ್ರಾಡ್‌ವೇ ನಾಟಕದವು. ಮದುವೆಯಲ್ಲಿ ಟೋಪಿ ಮೇಲೆ ಬಾಟಲಿ ಇಟ್ಟು ಕುಣಿಯುವಾಗ ಬರುವ ಸಂಗೀತವನ್ನು ಬೇಕಾದರೆ ಕ್ಲೆಜ್ಮರ್‌ಗೆ ಹತ್ತಿರ ಅನ್ನಿ. ಅದರಲ್ಲಿ ಮದುವೆ ದಲ್ಲಾಳಿ ಯೆಂಟೆಯಾಗಿ ಬರುವ ಮುದುಕಿ ಅದೇ ಮಾಲಿ ಪಿಕನ್. 'ದ ಜಾಜ್ ಸಿಂಗರ್' (1927) ಮುಗಿಯುವ ಹೊತ್ತಿಗೆ ಬರುವ 'ಕೋಲ್ ನಿದ್ರೆ' ಸಿನಗಾಗ್‌ನ, ಅಂದರೆ ಯಹೂದಿ ಪ್ರಾರ್ಥನಾಮಂದಿರದ ಪ್ರಾರ್ಥನೆ. ಸಂಪ್ರದಾಯಸ್ಥರು ವಾರದ ವಿಶ್ರಾಂತಿ ದಿನವಾದ ಸಬ್ಬತ್‌ನಂದು ವಾದ್ಯ ಮುಟ್ಟುವುದೇ ಇಲ್ಲ, ಇನ್ನು ಅದಕ್ಕೂ ಕ್ಲೆಜ್ಮರ್‌ಗೂ ಎಲ್ಲಿಯ ನಂಟು?

ಯಹೂದಿ ಸಂಗೀತ ಅಂದರೆ ಕ್ಲೆಜ್ಮರ್ ಅನ್ನುವುದು ಇನ್ನೂ ದೊಡ್ಡ ತಪ್ಪು. ಇದು ಅಶ್ಕೆನಾಜಿಗಳು ಎನ್ನಿಸಿಕೊಳ್ಳುವ ಪೂರ್ವ ಯುರೋಪಿನ ಯಹೂದಿಗಳದ್ದು ಮಾತ್ರ. ಸ್ಪೇನಿನಿಂದ ಹೊರದೂಡಿಸಿಕೊಂಡವರು ಲಾದಿನೋ ಭಾಷೆಯಲ್ಲಿ ಹಾಡಿದರು. ಕೊಚ್ಚಿಯ ಯಹೂದಿ ಹೆಂಗಸರು ಮದುವೆ ಮನೆಯಲ್ಲಿ ಹಾಡುತ್ತಿದ್ದದ್ದು ಮಲಯಾಳಂ ಹಾಡುಗಳನ್ನು. ಕೊಂಕಣದ ಬೆನೆ ಇಸ್ರೇಲಿ ಯಹೂದಿಗಳು ಬೈಬಲಿನ ಕಥೆಗಳನ್ನು ಮರಾಠಿ ಕೀರ್ತನೆಯಲ್ಲಿ ಹೇಳುತ್ತಿದ್ದರು.