ಇಳಿಜಾರು ಸಮಯವನ್ನು ಮರಳಿಸುವುದಿಲ್ಲ

ಸೈಕಲ್ ಪ್ರವಾಸದ ಯೋಜನೆ ಹಾಕಿಸಿಕೊಳ್ಳಲು ನನ್ನ ಬಳಿ ಬರುವವರು ಹೆಚ್ಚಾಗಿ ಕೇಳುವುದು ಒಂದೇ ಸುತ್ತನ್ನು: ಉಡುಪಿಯಿಂದ ಆಗುಂಬೆ, ಶೃಂಗೇರಿ, ಕೆರೆಕಟ್ಟೆ, ಎಸ್.ಕೆ. ಬಾರ್ಡರ್ (ಹಳೆಯ ದಕ್ಷಿಣ ಕನ್ನಡ, ಅಂದರೆ ಸೌತ್ ಕೆನರಾ ಜಿಲ್ಲೆಯ ಗಡಿ), ಮಾಳ, ಕಾರ್ಕಳ, ಮರಳಿ ಉಡುಪಿ. ಇನ್ನೂರು ಕಿಲೋಮೀಟರಿನ ಆಸುಪಾಸು. ಇದಕ್ಕಿಂತ ಸೊಗಸಾದ ಸುತ್ತನ್ನು ಪಶ್ಚಿಮ ಘಟ್ಟದಲ್ಲಿ ನಾನು ತೋರಿಸಲಾರೆ. ಆದರೆ ಅವರು ಬರೆದು ತರುವ ವೇಳಾಪಟ್ಟಿ ನೋಡಿದರೆ ತಲೆ ಬಿಸಿಯಾಗುತ್ತದೆ. ಬೆಂಗಳೂರು–ಮೈಸೂರು ರಸ್ತೆಯಲ್ಲಿ ತುಳಿದ ವೇಗವನ್ನೇ ಇಲ್ಲಿಗೂ ಹಚ್ಚಿರುತ್ತಾರೆ. ಕೇಳಿದರೆ ಉತ್ತರ ಸಿದ್ಧ: "ಏರಿನಲ್ಲಿ ತಡವಾದರೇನು ಸರ್, ಇಳಿಜಾರಿನಲ್ಲಿ ಸರಿಹೋಗುತ್ತದಲ್ಲ?"

ಸರಿಹೋಗುವುದಿಲ್ಲ. ದಯವಿಟ್ಟು ಒಮ್ಮೆ ಕಾಗದದ ಮೇಲೆ ಬರೆದು ನೋಡಿ. ಹತ್ತು ಕಿಲೋಮೀಟರ್ ಏರು, ಹತ್ತು ಕಿಲೋಮೀಟರ್ ಇಳಿಜಾರು ಎಂದಿಟ್ಟುಕೊಳ್ಳಿ. ಏರಿನಲ್ಲಿ ಗಂಟೆಗೆ 6 ಕಿ.ಮೀ. ವೇಗ, ಚೀಲ ಹೊತ್ತ ಸೈಕಲ್ಲಿಗೆ ಅದು ಸಹಜ. 100 ನಿಮಿಷ ಬೇಕು. ಇಳಿಜಾರಿನಲ್ಲಿ ಗಂಟೆಗೆ 30 ಕಿ.ಮೀ. ಅಂದರೆ 20 ನಿಮಿಷ. ಒಟ್ಟು ಎರಡು ಗಂಟೆ, ಸರಾಸರಿ ವೇಗ 10. ಆರು ಮತ್ತು ಮೂವತ್ತನ್ನು ಕೂಡಿಸಿ ಎರಡರಿಂದ ಭಾಗಿಸಿ 18 ಎಂದು ಬರೆಯುವವರೇ ಹೆಚ್ಚು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಳಿಜಾರನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಇಳಿದುಬಿಟ್ಟಿರಿ ಎಂದುಕೊಳ್ಳಿ. ಆಗಲೂ ಸರಾಸರಿ 12ನ್ನು ದಾಟುವುದಿಲ್ಲ, ಏಕೆಂದರೆ ಆ ನೂರು ನಿಮಿಷ ಆಗಲೇ ಖರ್ಚಾಗಿರುತ್ತದೆ.

ಏರಿನಲ್ಲಿ ಅಷ್ಟು ಹೊತ್ತು ಏಕೆ ಎಂದರೆ, ಅಲ್ಲಿ ಹೋರಾಟ ಗಾಳಿಯೊಂದಿಗಲ್ಲ, ಭಾರದೊಂದಿಗೆ. ಸವಾರ, ಸೈಕಲ್, ಚೀಲ ಸೇರಿ 100 ಕಿಲೋ ಆದರೆ, ಗಂಟೆಗಟ್ಟಲೆ ತುಳಿಯಬಲ್ಲ ಸಾಮಾನ್ಯ ಸವಾರನಿಗೆ ಪ್ರತಿ 100 ಮೀಟರ್ ಎತ್ತರಕ್ಕೆ ಸುಮಾರು ಕಾಲು ಗಂಟೆ ಹಿಡಿಯುತ್ತದೆ. ಘಟ್ಟದ ಬುಡದಲ್ಲಿರುವ ಸೋಮೇಶ್ವರದಿಂದ ಆಗುಂಬೆಗೆ ಐನೂರು ಮೀಟರಿಗೂ ಮಿಕ್ಕಿದ ಏರು, 14 ಹೇರ್‌ಪಿನ್ ತಿರುವುಗಳು. ಉಸಿರು ಸುಧಾರಿಸಿಕೊಳ್ಳುವುದನ್ನೂ ಸೇರಿಸಿ ಎರಡು ಗಂಟೆ ಇಟ್ಟುಕೊಳ್ಳಿ. ಇದು ಅಂದಾಜು ಮಾತ್ರ; ನಿಮ್ಮ ಮೈಯ ಲೆಕ್ಕ ಬೇರೆ ಇರಬಹುದು. ಹೃದಯದ ತೊಂದರೆ ಇದ್ದವರು ಮೊದಲು ವೈದ್ಯರನ್ನು ಕಾಣಬೇಕು.

ಆಗುಂಬೆ ತಲುಪಿದ ಮೇಲೆ ಅದೇ ತಪ್ಪು ಇನ್ನೊಂದು ರೂಪದಲ್ಲಿ ಕಾಡುತ್ತದೆ. ಆಗುಂಬೆ, ಶೃಂಗೇರಿ ಎರಡೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿವೆ ಎಂದು ನೋಡಿ ನಡುವಿನ ದಾರಿ ಸಪಾಟು ಎಂದುಕೊಳ್ಳುತ್ತಾರೆ. ಮಲೆನಾಡಿನ ರಸ್ತೆ ಹಳ್ಳ ಸಿಕ್ಕಲ್ಲಿ ಇಳಿಯುತ್ತದೆ, ದಾಟಿದ ಮೇಲೆ ಏರುತ್ತದೆ. ಊರುಗಳ ಎತ್ತರ ನೋಡಬೇಡಿ, ಮೊಬೈಲ್ ನಕ್ಷೆಯಲ್ಲಿ ಒಟ್ಟು ಏರು ಎಷ್ಟೆಂದು ನೋಡಿ.

ಬೆಂಗಳೂರಿನ ಗೆಳೆಯರ ಗುಂಪೊಂದು ಶೃಂಗೇರಿಯಲ್ಲಿ ನಿಧಾನವಾಗಿ ಊಟ ಮುಗಿಸಿ ಕಾರ್ಕಳದತ್ತ ಹೊರಟಿತ್ತು. ಒಳ್ಳೆಯ ಹುಡುಗರು, ಒಬ್ಬರನ್ನೊಬ್ಬರು ಬಿಟ್ಟುಕೊಡದವರು. ತಡವಾದದ್ದನ್ನು ಮಾಳದ ಇಳಿಜಾರಿನಲ್ಲಿ ತುಂಬಿಕೊಳ್ಳಲು ಹೋಗಿ, ಒದ್ದೆ ತರಗೆಲೆಯ ಮೇಲೆ ಒಬ್ಬನ ಚಕ್ರ ಜಾರಿತು. ಕೊರಳೆಲುಬು ಮುರಿಯಿತು. ನನಗೆ ಸಿಟ್ಟು ಬರುವುದು ಇದಕ್ಕೇ: ತಪ್ಪು ಲೆಕ್ಕದ ಬೆಲೆಯನ್ನು ತೆರಬೇಕಾದದ್ದು ಅತ್ಯಂತ ಅಪಾಯದ ಜಾಗದಲ್ಲಿ. ಕೆರೆಕಟ್ಟೆಯಿಂದ ಮಾಳದವರೆಗಿನ ದಾರಿ ಕುದುರೆಮುಖ ರಾಷ್ಟ್ರೀಯ ಉದ್ಯಾನವನ್ನು ಹಾದುಹೋಗುತ್ತದೆ. ಅಂಗಡಿಗಳು ವಿರಳ, ಕಾಡುಕೋಣಗಳು ರಸ್ತೆಗೆ ಬರುತ್ತವೆ. ಕತ್ತಲಾದ ಮೇಲೆ ಸೈಕಲ್ ತುಳಿಯುವ ಜಾಗವಲ್ಲ. ಅರಣ್ಯ ಇಲಾಖೆಯ ತಪಾಸಣಾ ಠಾಣೆಯ ನಿಯಮಗಳನ್ನು ಹೊರಡುವ ಮುನ್ನವೇ ವಿಚಾರಿಸಿಕೊಳ್ಳಿ.

ಧಾರವಾಡದಿಂದ ಬಂದಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಇದೇ ಸುತ್ತಿಗೆ ನಾಲ್ಕು ದಿನ ಇಟ್ಟುಕೊಂಡಿದ್ದರು. ಆಗುಂಬೆಯ ಕಡಿದಾದ ತಿರುವುಗಳಲ್ಲಿ ಇಳಿದು ಸೈಕಲ್ ತಳ್ಳಿದರು, ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿದರು. ಆ ವೇಗಕ್ಕೆ ನಾನು ಸಂತೋಷದಿಂದ ಯೋಜನೆ ಹಾಕಿಕೊಡುತ್ತೇನೆ.

ಮಳೆಗಾಲ ಬೇಡ, ಅಕ್ಟೋಬರ್ ಕಳೆದ ಮೇಲೆ ಹೊರಡಿ. ಉಡುಪಿಯನ್ನು ನಸುಕಿನಲ್ಲೇ ಬಿಟ್ಟು, ಕರಾವಳಿಯ ಸೆಕೆ ಏರುವ ಮೊದಲು ಸೋಮೇಶ್ವರ ಮುಟ್ಟಿ. ಮೊದಲ ರಾತ್ರಿ ಆಗುಂಬೆ, ಎರಡನೆಯದು ಶೃಂಗೇರಿ. ಮೂರನೆಯ ಬೆಳಿಗ್ಗೆ ಬೆಳಕು ಹರಿದ ಕೂಡಲೇ ಕೆರೆಕಟ್ಟೆಯ ದಾರಿ ಹಿಡಿಯಿರಿ. ಎರಡೇ ದಿನ ರಜೆ ಇದ್ದರೆ ಶೃಂಗೇರಿಯನ್ನು ಬಿಟ್ಟುಬಿಡಿ. ಆಗುಂಬೆಯಲ್ಲಿ ತಂಗಿ, ಬಂದ ದಾರಿಯಲ್ಲೇ ಹೆಬ್ರಿಯ ಮೇಲೆ ಹಿಂದಿರುಗಿ.