ಪದ ಪರಿಚಯ: ದಿನದ ಇಂಡೆಕ್ಸಿಂಗ್ ಪ್ರಮಾಣ

"50 ಜಿಬಿ ಇಂಡೆಕ್ಸಿಂಗ್ ತಗೊಂಡ್ರೆ ಆರು ತಿಂಗಳಿಗೆ ಸಾಕಾಗ್ತದಾ?" ಯಂತ್ರಗಳ ಲಾಗ್ (ನಡೆದದ್ದರ ದಾಖಲೆ) ಹುಡುಕಿಕೊಡುವ ಸ್ಪ್ಲಂಕ್ ತಂತ್ರಾಂಶವನ್ನು ಸ್ವಂತ ಸರ್ವರ್‌ನಲ್ಲಿ ಕೂರಿಸಹೊರಟವರು ಶಿರಸಿಯವರಿರಲಿ, ಕಾರವಾರದವರಿರಲಿ, ಇದನ್ನೇ ಕೇಳುತ್ತಾರೆ. ಪ್ರಶ್ನೆಯೇ ತಪ್ಪು. 50 ಜಿಬಿಯ ಲೈಸೆನ್ಸ್ ಎಂದರೆ ಇವತ್ತಿಗೆ 50. ನಾಳೆ ಮತ್ತೆ 50.

ಗೊಂದಲದ ಬೇರು 'ಇಂಡೆಕ್ಸ್' ಪದದಲ್ಲೇ ಇದೆ. ಡಿಸ್ಕಿನಲ್ಲಿ ಇಂಡೆಕ್ಸ್ ಹೆಸರಿನ ಫೋಲ್ಡರ್‌ಗಳು ಕಾಣುವುದರಿಂದ ಅದನ್ನು ಕಣಜ ಅಂದುಕೊಳ್ಳುತ್ತಾರೆ. ಲ್ಯಾಟಿನ್‌ನಲ್ಲಿ ಇಂಡೆಕ್ಸ್ ಎಂದರೆ ತೋರುಬೆರಳು. ಸಂಸ್ಕೃತದ 'ಸೂಚಿ' ಎಂದರೆ ಹೊಲಿಯುವ ಸೂಜಿ. ನಮ್ಮ 'ಸೂಜಿ' ಅದರದೇ ತದ್ಭವ. ಅದೇ ಪದ ತೋರಿಸಿಕೊಡುವ ಪಟ್ಟಿಗೂ ಹೆಸರಾಯಿತು. ಎರಡರಲ್ಲೂ ಇರುವುದು ಬೊಟ್ಟುಮಾಡುವ ಅರ್ಥ. ಕೂಡಿಡುವ ಅರ್ಥ ಎಲ್ಲೂ ಇಲ್ಲ. ಇಂಡೆಕ್ಸಿಂಗ್ ಒಂದು ಕೆಲಸ: ಬಂದ ಲಾಗನ್ನು ಘಟನೆಗಳಾಗಿ ಒಡೆದು, ಸಮಯ ಗುರುತಿಸಿ, ಯಾವ ಪದ ಎಲ್ಲಿದೆಯೆಂದು ಬರೆದಿಡುವುದು. ಲೈಸೆನ್ಸ್ ಅಳೆಯುವುದು ಈ ಕೆಲಸವನ್ನು, ಲೈಸೆನ್ಸ್ ಸರ್ವರ್‌ನ ಗಡಿಯಾರದಂತೆ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ, ಕುಗ್ಗಿಸದ ಕಚ್ಚಾ ಗಾತ್ರದಲ್ಲಿ.

ಅಡಿಕೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಸಿ ಗೊನೆಯ ತೂಕ ಬೇರೆ, ಒಣಗಿಸಿ ಸುಲಿದು ಚೀಲಕ್ಕೆ ತುಂಬಿದ ಚಾಲಿಯ ತೂಕ ಬೇರೆ. ಸ್ಪ್ಲಂಕ್‌ನಲ್ಲಿ ಕುಗ್ಗಿಸಿದ ಲಾಗ್ ಸುಮಾರು ಶೇ. 15, ಸೂಚಿ ಕಡತಗಳು ಶೇ. 35, ಒಟ್ಟು ಕಚ್ಚಾ ಗಾತ್ರದ ಅರ್ಧ. ದೇಶದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ 180 ದಿನ ಲಾಗ್ ಉಳಿಸಬೇಕು. 50 × 0.5 × 180 = 4,500 ಜಿಬಿ. ಹಲವು ಸರ್ವರ್ ಸೇರಿದ ಕ್ಲಸ್ಟರ್‌ನಲ್ಲಿ ಮೂರು ಪ್ರತಿ, ಅದರಲ್ಲಿ ಎರಡು ಹುಡುಕಬಲ್ಲವು ಎಂದಾದರೆ (ಲಾಗ್ ಮೂರು ಸಲ, ಸೂಚಿ ಕಡತ ಎರಡು ಸಲ: ಶೇ. 45 + 70 = 115) ಡಿಸ್ಕ್ 10,350 ಜಿಬಿಗೆ ಏರುತ್ತದೆ. ಲೈಸೆನ್ಸ್ ಮಾತ್ರ ಅದೇ 50. ಪ್ರತಿಗಳು ಅದರ ಲೆಕ್ಕಕ್ಕೆ ಬರುವುದಿಲ್ಲ.

ದಿನದ ಅಂದಾಜು ಸುಲಭ: ಸೆಕೆಂಡಿಗೆ 1,000 ಘಟನೆ, ತಲಾ 400 ಬೈಟ್ ಆದರೆ ದಿನಕ್ಕೆ 34.56 ಜಿಬಿ. ಅದಕ್ಕಿಂತ ಜಾಲದ ಸಾಧನಗಳ ಲಾಗ್ ಬಂದು ಸೇರುವ ಸಿಸ್‌ಲಾಗ್ ಸರ್ವರ್‌ನಲ್ಲಿ ದಿನದ ಕಡತಗಳ ಗಾತ್ರವನ್ನು ಜಿಪ್ ಆಗುವ ಮೊದಲೇ ಎರಡು ವಾರ ಬರೆದಿಡುವುದು ಮೇಲು, ತಿಂಗಳ ಕೊನೆಯೂ ಅದರೊಳಗೆ ಬರುವಂತೆ. ಹೆಚ್ಚಾದರೆ ಕತ್ತರಿಸಬೇಕಾದದ್ದು ವಿಂಡೋಸ್‌ನ 5156 (ಸಂಪರ್ಕಕ್ಕೆ ಅನುಮತಿ ಕೊಟ್ಟಾಗೆಲ್ಲ ಬರೆಯುವ ಘಟನೆ), ಫೈರ್‌ವಾಲ್‌ನ ಸೆಷನ್ ಆರಂಭದ ಸಾಲು. ಸೆಷನ್ ಮುಗಿದ ಸಾಲನ್ನೂ ಲಾಗಿನ್ ವಿಫಲವಾದ 4625ನ್ನೂ ದಯವಿಟ್ಟು ಮುಟ್ಟಬೇಡಿ. ಇಂಡೆಕ್ಸ್ ಆಗುವ ಮೊದಲೇ ಶೋಧಿಸಿ ಬಿಸಾಡಿದ್ದಕ್ಕೆ ಲೈಸೆನ್ಸ್ ತಗಲುವುದಿಲ್ಲ.

ಸರಾಸರಿ ನಂಬಿದವರು ಕೆಡುವುದು ಮಳೆಗಾಲದಲ್ಲಿ. ಘಟ್ಟದಲ್ಲಿ ಗುಡ್ಡ ಕುಸಿದು ಫೈಬರ್ ತುಂಡಾಗಿ, ಕರಾವಳಿಯ ಶಾಖೆ ಎರಡು ದಿನ ಶಿರಸಿಯ ಸರ್ವರ್‌ಗೆ ಸಿಗಲಿಲ್ಲ ಎನ್ನಿ. ಶಾಖೆಯಲ್ಲಿ ಕೂತು ಲಾಗ್ ಓದಿ ಕಳಿಸುವ ಫಾರ್ವರ್ಡರ್ ಎಲ್ಲಿಯವರೆಗೆ ಓದಿತ್ತೆಂದು ನೆನಪಿಡುತ್ತದೆ. ಲೈನ್ ಬಂದ ದಿನ ಮೂರೂ ದಿನದ್ದನ್ನು ಸುರಿಯುತ್ತದೆ. ದಿನಕ್ಕೆ 4 ಜಿಬಿಯ ಶಾಖೆ ಅಂದು 12 ಜಿಬಿ. ಘಟನೆ ಮೊನ್ನೆಯದಾದರೂ ಲೆಕ್ಕ ಇಂಡೆಕ್ಸ್ ಆದ ದಿನಕ್ಕೇ. ತಲುಪಿತೇ ಎಂದು ನೋಡದ ಯುಡಿಪಿಯಲ್ಲಿ ನೇರ ಕಳಿಸಿದ ಸಿಸ್‌ಲಾಗ್ ಮಾತ್ರ ಹೋದದ್ದು ಹೋಯಿತು. ಅದಕ್ಕೇ ಶಾಖೆಯಲ್ಲೇ ಒಂದು ಸಿಸ್‌ಲಾಗ್ ಸರ್ವರ್ ಬೇಕು. ಶಾಖೆಯ ಆ ಫಾರ್ವರ್ಡರ್‌ಗೆ (ಯೂನಿವರ್ಸಲ್ ಫಾರ್ವರ್ಡರ್) ಮೊದಲಿನಿಂದಲೇ ಸೆಕೆಂಡಿಗೆ 256 ಕೆಬಿಯ ಮಿತಿ ಇರುತ್ತದೆ, ಅಂದರೆ ದಿನಕ್ಕೆ ಹೆಚ್ಚೆಂದರೆ 22 ಜಿಬಿ ಚಿಲ್ಲರೆ. ಸಣ್ಣ ಶಾಖೆಯಲ್ಲಿ ಅದನ್ನು 100ಕ್ಕೆ ಇಳಿಸಿದರೆ ಬಾಕಿ ಎರಡು ದಿನಕ್ಕೆ ಹಂಚಿಹೋಗುತ್ತದೆ. ಸೊನ್ನೆ ಮಾಡಿದರೆ ಮಿತಿಯೇ ಇರುವುದಿಲ್ಲ.